ಮಳೆಯ ಲೆಕ್ಕ, ಸರ್ಕಾರದ ಕಿವಿ: ರೊದ್ದಂ ನರಸಿಂಹ ಯಾರು? ಕಬಿನಿ ದಂಡೆಯವರು ಅವರನ್ನು ಯಾಕೆ ತಿಳಿದಿರಬೇಕು?

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ.

ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿರುವ ಕಬಿನಿ ಜಲಾಶಯದ ಒಟ್ಟು ಸಾಮರ್ಥ್ಯ 19.52 ಟಿಎಂಸಿ ಅಡಿ. ವಯನಾಡಿನಲ್ಲಿ ಮಳೆ ಜೋರಾಗಿ ಒಳಹರಿವು 1 ಲಕ್ಷ ಕ್ಯೂಸೆಕ್ ಮುಟ್ಟಿತು ಅಂತಿಟ್ಟುಕೊಳ್ಳಿ. ಸೆಕೆಂಡಿಗೆ 1 ಲಕ್ಷ ಘನ ಅಡಿ, ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ ದಿನಕ್ಕೆ 8.64 ಟಿಎಂಸಿ. ಅಂದರೆ ಅಣೆಕಟ್ಟು ಪೂರ್ತಿ ಬರಿದಾಗಿದ್ದರೂ ಎರಡೂಕಾಲು ದಿನದಲ್ಲಿ ತುಂಬಿಹೋಗುತ್ತದೆ. ಒಳ್ಳೆ ಮಳೆಗಾಲದಲ್ಲಿ ಜುಲೈ ಮುಗಿಯುವ ಹೊತ್ತಿಗೆ ಅದು ಬರಿದಾಗಿರುವುದಿಲ್ಲ, ಮುಕ್ಕಾಲುಪಾಲು ತುಂಬಿ ಕೂತಿರುತ್ತದೆ. ಆಗ ಎಂಜಿನಿಯರ್‌ಗಳ ಕೈಲಿ ಉಳಿಯುವುದು ಕೆಲವೇ ಗಂಟೆ.

2019ರ ಆಗಸ್ಟ್‌ನಲ್ಲಿ ಆಗಿದ್ದು ಇದೇ. ಹೊರಹರಿವು 1 ಲಕ್ಷ ಕ್ಯೂಸೆಕ್ ದಾಟಿತು. ನಂಜನಗೂಡಿನಲ್ಲಿ ಕಪಿಲೆಯ ದಂಡೆಯ ಹದಿನಾರು ಕಾಲು ಮಂಟಪ ಮುಳುಗಿತು, ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆ ಬಂದ್ ಆಯಿತು. ಹಿಂದಿನ ವರ್ಷ, 2018ರಲ್ಲೂ ಪ್ರವಾಹ ಬಂದಿತ್ತು. ಕೆಳಗೆ ಟಿ. ನರಸೀಪುರದ ಕಷ್ಟ ಇನ್ನೂ ದೊಡ್ಡದು. ಅದು ತಿರುಮಕೂಡಲು, ಕಾವೇರಿ ಕಪಿಲೆ ಕೂಡುವ ಜಾಗ. 49.45 ಟಿಎಂಸಿಯ ಕೆಆರ್‌ಎಸ್‌ನಿಂದ ಬಿಟ್ಟ ನೀರು, ಕಬಿನಿಯಿಂದ ಬಿಟ್ಟ ನೀರು, ಎರಡೂ ಒಟ್ಟಿಗೆ ಬಂದರೆ ತಡೆದುಕೊಳ್ಳಬೇಕಾದ್ದು ಅದೇ ಊರು.

ಹಾಗಾದರೆ ಮಳೆ ಬರುವ ಎರಡು ದಿನ ಮೊದಲೇ 30,000 ಕ್ಯೂಸೆಕ್‌ನಂತೆ ನೀರು ಬಿಟ್ಟುಬಿಟ್ಟರೆ? ಸುಮಾರು 5 ಟಿಎಂಸಿ ಜಾಗ ಖಾಲಿಯಾಗುತ್ತದೆ, ನಂಜನಗೂಡು ಉಸಿರಾಡುತ್ತದೆ. ಆದರೆ ಹೇಳಿದ ಮಳೆ ಬಾರದೇ ಹೋದರೆ? ಆ 5 ಟಿಎಂಸಿಯನ್ನು ನಂಬಿದ್ದ ನಾಲೆಯ ಕೊನೆಯ ರೈತ ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಇಬ್ಬರು: ಮಳೆಯನ್ನು ಓದಬಲ್ಲ ವಿಜ್ಞಾನಿ, ಆ ಮಾತು ಕೇಳಿ ತೀರ್ಮಾನ ಮಾಡುವ ಸರ್ಕಾರ. ಇವರಿಬ್ಬರ ನಡುವೆ ನಿಂತು ಇಡೀ ಬದುಕು ಕಳೆದ ಕನ್ನಡ ನೆಲದ ವಿಜ್ಞಾನಿ ಒಬ್ಬರಿದ್ದರು. ಹೆಸರು ರೊದ್ದಂ ನರಸಿಂಹ.

ವಿಮಾನದಿಂದ ಮೋಡಕ್ಕೆ

ನರಸಿಂಹ ಹುಟ್ಟಿದ್ದು 1933ರ ಜುಲೈ 20ರಂದು. ಮನೆತನದ ಮೂಲ ಅನಂತಪುರ ಸೀಮೆಯ ರೊದ್ದಂ. ತಂದೆ ಆರ್.ಎಲ್. ನರಸಿಂಹಯ್ಯ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು, ಕನ್ನಡದಲ್ಲಿ ವಿಜ್ಞಾನ ಬರೆದ ಮೊದಮೊದಲ ಲೇಖಕರ ಸಾಲಿನವರು. ಮಗ 1953ರಲ್ಲಿ ಇವತ್ತು ನಾವು ಯುವಿಸಿಇ ಅನ್ನುವ ಎಂಜಿನಿಯರಿಂಗ್ ಕಾಲೇಜಿನಿಂದ ಬಿಇ ಮುಗಿಸಿದರು. ಅದು ಆಗ ಮೈಸೂರು ವಿಶ್ವವಿದ್ಯಾಲಯದ ಕಾಲೇಜು. ಮೆಕ್ಯಾನಿಕಲ್ ಎಂಜಿನಿಯರ್‌ಗೆ ಒಳ್ಳೆ ಸರ್ಕಾರಿ ಕೆಲಸ ಸಿಗುತ್ತಿದ್ದ ಕಾಲ. ಅವರು ಅದನ್ನು ಬಿಟ್ಟು ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋದರು. ಅಲ್ಲಿ ಸಿಕ್ಕ ಗುರು ಸತೀಶ್ ಧವನ್, ಮುಂದೆ ಇಸ್ರೋ ಅಧ್ಯಕ್ಷರಾದವರು. ಅಲ್ಲಿಂದ ಅಮೆರಿಕದ ಕ್ಯಾಲ್‌ಟೆಕ್, 1961ರಲ್ಲಿ ಪಿಎಚ್‌ಡಿ, ಮಾರನೇ ವರ್ಷ ವಾಪಸ್ ಬೆಂಗಳೂರು.

ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನ್ನಂಥವರಿಗೆ ಫ್ಲೂಯಿಡ್ ಮೆಕ್ಯಾನಿಕ್ಸ್ ಅಂದರೆ ಪರೀಕ್ಷೆಗೆ ಕಂಠಪಾಠ ಮಾಡಿದ ನಾಲ್ಕು ಸಮೀಕರಣ. ನರಸಿಂಹ ಅವರಿಗೆ ಅದು ಜೀವಮಾನದ ಒಂದೇ ಪ್ರಶ್ನೆ. ನಲ್ಲಿಯನ್ನು ಸ್ವಲ್ಪ ತಿರುಗಿಸಿ ನೋಡಿ: ನೀರು ಗಾಜಿನ ಕಡ್ಡಿಯ ಹಾಗೆ ನಯವಾಗಿ ಇಳಿಯುತ್ತದೆ. ಇನ್ನೂ ತಿರುಗಿಸಿ: ಒಮ್ಮೆಲೇ ಕದಡಿ ಚೆಲ್ಲಾಪಿಲ್ಲಿಯಾಗುತ್ತದೆ. ನಯವಾದ ಹರಿವು ಕದಡುವುದು ಯಾವಾಗ, ಹೇಗೆ, ಯಾಕೆ? ಕದಡಿದ್ದು ಮತ್ತೆ ನಯವಾಗಬಲ್ಲುದೇ? ವಿಮಾನದ ರೆಕ್ಕೆಯ ಮೇಲಿನ ಗಾಳಿಯಲ್ಲಿ ಅವರು ಹುಡುಕಿದ್ದು ಇದನ್ನೇ.

ರೆಕ್ಕೆಗೆ ತಾಗಿಕೊಂಡು ಗಾಳಿಯ ತೆಳು ಪದರವೊಂದು ಇರುತ್ತದೆ. ವಿಮಾನದ ಹಣೆಬರಹ ನಿರ್ಧಾರವಾಗುವುದು ಬಹುಪಾಲು ಅಲ್ಲಿಯೇ. ಭೂಮಿಗೂ ಅಂಥದ್ದೊಂದು ಪದರವಿದೆ, ಹೆಚ್ಚುಕಡಿಮೆ ಒಂದು ಕಿಲೋಮೀಟರ್ ದಪ್ಪ. ಗದ್ದೆಯಿಂದ, ಕೆರೆಯಿಂದ, ಸಮುದ್ರದಿಂದ ಏಳುವ ಶಾಖ ಮತ್ತು ತೇವ ಈ ಪದರವನ್ನು ದಾಟಿಯೇ ಮೋಡಕ್ಕೆ ಹೋಗಬೇಕು. ಆದ್ದರಿಂದ ವಿಮಾನದ ವಿಜ್ಞಾನಿ ಹವಾಮಾನಕ್ಕೆ ಬಂದಿದ್ದರಲ್ಲಿ ಆಶ್ಚರ್ಯವೇನಿಲ್ಲ. 1982ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಾತಾವರಣ ವಿಜ್ಞಾನ ಕೇಂದ್ರ ಶುರುವಾದಾಗ ಅದನ್ನು ಕಟ್ಟಿದವರ ಮುಂದಾಳು ಅವರೇ. ಮಾನ್ಸೂನ್ ವಿಜ್ಞಾನದ ದೊಡ್ಡ ಹೆಸರು ಸುಲೋಚನಾ ಗಾಡ್ಗೀಳ್ ಕೆಲಸ ಮಾಡಿದ್ದೂ ಇದೇ ಕೇಂದ್ರದಲ್ಲಿ.

ಅವರು ಕಂಡುಕೊಂಡಿದ್ದೇನು?

ಮೂರು ಉದಾಹರಣೆ ಸಾಕು.

ಒಂದು, ರಾಮದಾಸ್ ಪದರ. ತಿಳಿ ಆಕಾಶದ, ಗಾಳಿಯಿಲ್ಲದ ರಾತ್ರಿ ಬರಿ ನೆಲದ ಮೇಲೆ ಅತ್ಯಂತ ತಣ್ಣಗಿರುವ ಜಾಗ ಯಾವುದು? ನೆಲವೇ ಅನ್ನುತ್ತೀರಿ, ಪಠ್ಯಪುಸ್ತಕವೂ ಹಾಗೇ ಅನ್ನುತ್ತಿತ್ತು. ಸಿ.ವಿ. ರಾಮನ್ ಅವರ ಶಿಷ್ಯ, ಹವಾಮಾನ ಇಲಾಖೆಯ ಎಲ್.ಎ. ರಾಮದಾಸ್ 1932ರಲ್ಲಿ ಅಳೆದು ನೋಡಿ, ನೆಲಕ್ಕಿಂತ ಕೆಲವು ಹತ್ತು ಸೆಂಟಿಮೀಟರ್ ಮೇಲಿನ ಗಾಳಿ ಇನ್ನೂ ತಣ್ಣಗಿದೆ ಎಂದರು. ಬಿಸಿ ನೆಲದ ಮೇಲೆ ತಣ್ಣನೆ ಗಾಳಿ ನಿಲ್ಲುವುದು ಹೇಗೆ? ದಶಕಗಳ ಕಾಲ ಹಲವರು ಇದನ್ನು ಅಳತೆಯ ತಪ್ಪು ಅಂತ ತಳ್ಳಿಹಾಕಿದರು. 1993ರಲ್ಲಿ ವಾಸುದೇವಮೂರ್ತಿ, ಜೆ. ಶ್ರೀನಿವಾಸನ್ ಮತ್ತು ನರಸಿಂಹ ಸೇರಿ, ನೆಲ ಮತ್ತು ಗಾಳಿ ಶಾಖವನ್ನು ಹೊರಸೂಸುವ ರೀತಿಯಿಂದ ಇದನ್ನು ವಿವರಿಸುವ ಸಿದ್ಧಾಂತ ಕೊಟ್ಟರು. ಆ ವಿವರಣೆಯ ಮೇಲೂ ಆಮೇಲೆ ಚರ್ಚೆ ನಡೆಯಿತು, ಗಾಳಿಯಲ್ಲಿ ತೇಲುವ ಕಣಗಳ ಪಾತ್ರವನ್ನು ಬೆಂಗಳೂರಿನ ವಿಜ್ಞಾನಿಗಳೇ ಮುಂದಿಟ್ಟರು. ವಿಜ್ಞಾನ ನಡೆಯುವುದೇ ಹೀಗೆ. ಮಂಜು ಯಾವಾಗ ಕವಿಯುತ್ತದೆ, ಬೆಳೆಗೆ ಹಿಮ ಯಾವಾಗ ಹೊಡೆಯುತ್ತದೆ ಅನ್ನೋದಕ್ಕೆಲ್ಲ ಈ ಪದರದ ಸಂಬಂಧವಿದೆ.

ಎರಡು, 1990ರ ಮಾಂಟ್‌ಬ್ಲೆಕ್ಸ್ ಪ್ರಯೋಗ. ಉತ್ತರ ಭಾರತದ ಮೇಲೆ ಮಳೆಗಾಲದಲ್ಲಿ ಚಾಚಿಕೊಳ್ಳುವ ಕಡಿಮೆ ಒತ್ತಡದ ಪಟ್ಟಿಗೆ ಮಾನ್ಸೂನ್ ಟ್ರಫ್ ಅನ್ನುತ್ತಾರೆ. ಆ ಪಟ್ಟಿಯ ಉದ್ದಕ್ಕೂ ಜೋಧಪುರ, ದೆಹಲಿ, ವಾರಾಣಸಿ, ಖರಗ್‌ಪುರಗಳಲ್ಲಿ 30 ಮೀಟರ್ ಎತ್ತರದ ಗೋಪುರ ನಿಲ್ಲಿಸಿ, ನೆಲದಿಂದ ಗಾಳಿಗೆ ಎಷ್ಟು ಶಾಖ, ಎಷ್ಟು ತೇವ ಏರುತ್ತದೆ ಅಂತ ಅಳೆದರು. ಅದುವರೆಗೆ ನಮ್ಮ ಮಾದರಿಗಳು ಬಳಸುತ್ತಿದ್ದ ಸೂತ್ರಗಳು ಹೆಚ್ಚಾಗಿ ಬೇರೆ ದೇಶಗಳ ಬಯಲಿನಲ್ಲಿ, ಬೀಸುಗಾಳಿಯಲ್ಲಿ ಅಳೆದವು. ನಮ್ಮಲ್ಲಿ ಬಿಸಿಲು ಜೋರು, ಗಾಳಿ ಮಂದ. ಗಾಳಿ ತೀರಾ ಕಡಿಮೆಯಿದ್ದಾಗ ನೆಲದಿಂದ ಏಳುವ ಶಾಖಕ್ಕೂ ಗಾಳಿಯ ವೇಗಕ್ಕೂ ಸಂಬಂಧವೇ ಇರುವುದಿಲ್ಲ ಎಂಬುದನ್ನು ಜೋಧಪುರದ ಅಳತೆಗಳಿಂದ ಕಸುಮಾ ರಾವ್ ಮತ್ತು ನರಸಿಂಹ ತೋರಿಸಿದರು. ನಮ್ಮ ನೆಲವನ್ನು ನಾವೇ ಅಳೆಯದೆ ಬೇರೆ ದಾರಿಯಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮೂರು, ಮೋಡ. ಚಿಮಣಿಯ ಹೊಗೆ ಮೇಲೇರುತ್ತಾ ಸುತ್ತಲ ಗಾಳಿಯನ್ನು ಎಳೆದುಕೊಂಡು ಅಗಲವಾಗುತ್ತದೆ. ಮಳೆ ಮೋಡ ಹಾಗಲ್ಲ, ಕೆಲವೊಮ್ಮೆ ಕಂಬದ ಹಾಗೆ ನೇರ ಎದ್ದು ನಿಲ್ಲುತ್ತದೆ. ಯಾಕೆ? ಆವಿ ಹನಿಯಾಗುವಾಗ ಬಿಡುವ ಶಾಖ ಮೋಡದ ಒಳಗೇ ಸೇರುತ್ತದೆ. ನರಸಿಂಹ, ಜಿ.ಎಸ್. ಭಟ್ ಮತ್ತು ಸಂಗಡಿಗರು ಪ್ರಯೋಗಾಲಯದ ನೀರಿನ ತೊಟ್ಟಿಯಲ್ಲಿ ಚಿಮ್ಮುವ ಧಾರೆಗೆ ನಡುವೆ ಶಾಖ ಕೊಟ್ಟು, ಮೋಡದ ಆಕಾರವನ್ನೇ ತೊಟ್ಟಿಯೊಳಗೆ ಮೂಡಿಸಿದರು. 2011ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ಅವರ ವಯಸ್ಸು 78ರ ಆಸುಪಾಸು.

ಸರ್ಕಾರದ ಹತ್ತಿರ ಹೋದಾಗ

1984ರಿಂದ 1993ರವರೆಗೆ ಅವರು ಬೆಂಗಳೂರಿನ ಎನ್‌ಎಎಲ್ ನಿರ್ದೇಶಕರು. ಇಲ್ಲಿಂದ ಅವರ ಬದುಕಿನ ಇನ್ನೊಂದು ಮುಖ ತೆರೆಯುತ್ತದೆ. ಪ್ರಧಾನಿಯ ವಿಜ್ಞಾನ ಸಲಹಾ ಮಂಡಳಿ, ರಾಷ್ಟ್ರೀಯ ಭದ್ರತಾ ಸಲಹಾ ಮಂಡಳಿ, 1989ರಿಂದ ಬಾಹ್ಯಾಕಾಶ ಆಯೋಗ. ಪ್ರಧಾನಿಗಳು ಬದಲಾದರು, ಪಕ್ಷಗಳು ಬದಲಾದವು, ಇವರು ಮಾತ್ರ ಮೇಜಿನ ಆ ಬದಿಯಲ್ಲೇ ಇದ್ದರು.

ಆ ಕಾಲದ ಒಂದು ಕಥೆ ಇವತ್ತಿನ ಚಿಪ್ ರಾಜಕಾರಣ ನೋಡುತ್ತಿರುವ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. 1980ರ ದಶಕದಲ್ಲಿ ಮಧ್ಯಮಾವಧಿ ಹವಾಮಾನ ಮುನ್ಸೂಚನೆಗೆ ಭಾರತಕ್ಕೆ ಸೂಪರ್ ಕಂಪ್ಯೂಟರ್ ಬೇಕಿತ್ತು. ಮಾರುವವರು ಅಮೆರಿಕದ ಕ್ರೇ ಕಂಪನಿ. ಅದೇ ಯಂತ್ರದಲ್ಲಿ ಅಣ್ವಸ್ತ್ರದ ಲೆಕ್ಕವನ್ನೂ ಮಾಡಬಹುದು ಅನ್ನುವ ಅನುಮಾನ ಅಮೆರಿಕ ಸರ್ಕಾರಕ್ಕೆ. ಭಾರತ ಕೇಳಿದ ಮಾದರಿಗಿಂತ ಕಡಿಮೆ ಶಕ್ತಿಯ ಎಕ್ಸ್-ಎಂಪಿ/14 ಯಂತ್ರವನ್ನು, ಹವಾಮಾನಕ್ಕೆ ಮಾತ್ರ ಬಳಸಬೇಕೆಂಬ ಷರತ್ತಿನ ಮೇಲೆ ಕೊಟ್ಟರು.

ಹೆಚ್ಚುಕಡಿಮೆ ಅದೇ ಹೊತ್ತಿಗೆ, 1986ರಲ್ಲಿ, ನರಸಿಂಹ ಅವರ ಎನ್‌ಎಎಲ್‌ನಲ್ಲಿ ಯು.ಎನ್. ಸಿನ್ಹಾ ನೇತೃತ್ವದ ತಂಡ ಫ್ಲೋಸಾಲ್ವರ್ ಎಂಬ ಯಂತ್ರ ಕಟ್ಟಿತು. ಸಾಧಾರಣ ಪ್ರೊಸೆಸರ್‌ಗಳನ್ನು ಜೋಡಿಸಿ, ಒಂದು ದೊಡ್ಡ ಲೆಕ್ಕವನ್ನು ತುಂಡುಮಾಡಿ ಎಲ್ಲಕ್ಕೂ ಹಂಚುವ ಉಪಾಯ. ಹತ್ತು ಎಕರೆ ನಾಟಿಗೆ ಒಬ್ಬ ಗಟ್ಟಿಗನನ್ನು ಹುಡುಕುವ ಬದಲು ಹತ್ತು ಜನರ ಗುಂಪು ಇಳಿಸಿದ ಹಾಗೆ. ಭಾರತದ ಮೊದಲ ಸಮಾಂತರ ಕಂಪ್ಯೂಟರ್ ಅದು. ವಿಮಾನದ ಲೆಕ್ಕಕ್ಕೆ ಹುಟ್ಟಿದ ಯಂತ್ರ ಮುಂದೆ ಮಾನ್ಸೂನ್ ಮಾದರಿಗಳನ್ನೂ ಓಡಿಸಿತು. ಅದಕ್ಕಾಗಿ ಬರೆದ ಹವಾಮಾನ ಮಾದರಿಗೆ ‘ವರ್ಷ’ ಎಂದು ಹೆಸರಿಟ್ಟರು.

ಮೈಸೂರು ಸೀಮೆಗೆ ಹತ್ತಿರದ ಒಂದು ಮಾತು ಇಲ್ಲಿ ಹೇಳಬೇಕು. 1985ರಲ್ಲಿ ನರಸಿಂಹ ಅವರು 1750ರಿಂದ 1850ರವರೆಗೆ ಮೈಸೂರು ಮತ್ತು ಬ್ರಿಟನ್‌ಗಳಲ್ಲಿ ರಾಕೆಟ್ ಬೆಳೆದ ಬಗೆಯ ಮೇಲೆ ಉಪನ್ಯಾಸ ಕೊಟ್ಟರು. ಹೈದರ್ ಮತ್ತು ಟಿಪ್ಪು ಸೇನೆ ಕಬ್ಬಿಣದ ಕೊಳವೆಯ ರಾಕೆಟ್ ಬಳಸಿತು, ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಅದನ್ನು ಕೊಂಡೊಯ್ದು ಅಧ್ಯಯನ ಮಾಡಿ ತಮ್ಮದಾಗಿಸಿಕೊಂಡರು. ನರಸಿಂಹ ಕೇಳಿದ್ದು ಇದು: ಅವರು ನಮ್ಮಿಂದ ಕಲಿತು ಮುಂದೆ ಹೋದರು, ನಾವು ಯಾಕೆ ಅಲ್ಲೇ ನಿಂತೆವು? ಟಿಪ್ಪು ಹೆಸರೆತ್ತಿದರೆ ಜಗಳವೇ ಆಗುವ ಈ ಕಾಲದಲ್ಲಿ, ಹೊಗಳಿಕೆಯೂ ಇಲ್ಲದೆ ತೆಗಳಿಕೆಯೂ ಇಲ್ಲದೆ ಕಬ್ಬಿಣದ ಗುಣಮಟ್ಟದಿಂದ ಹಿಡಿದು ಪ್ರಯೋಗದ ಶಿಸ್ತಿನವರೆಗೆ ಚರ್ಚಿಸಿದ ಆ ಉಪನ್ಯಾಸವನ್ನು ಎರಡೂ ಕಡೆಯವರು ಓದಬೇಕು.

ರಾಜೀನಾಮೆ

ಸಲಹೆಗಾರನ ಅಸಲಿ ಪರೀಕ್ಷೆ ಬಂದಿದ್ದು 2011-12ರಲ್ಲಿ. ಇಸ್ರೋದ ವಾಣಿಜ್ಯ ಸಂಸ್ಥೆ ಆ್ಯಂಟ್ರಿಕ್ಸ್ 2005ರಲ್ಲಿ ದೇವಾಸ್ ಎಂಬ ಕಂಪನಿಯ ಜತೆ ಮಾಡಿಕೊಂಡಿದ್ದ ತರಂಗಾಂತರ ಒಪ್ಪಂದ 2ಜಿ ಗಲಾಟೆಯ ನಡುವೆ ಹೊರಬಂತು. ಮನಮೋಹನ್ ಸಿಂಗ್ ಸರ್ಕಾರ 2011ರ ಫೆಬ್ರುವರಿಯಲ್ಲಿ ಒಪ್ಪಂದ ರದ್ದುಮಾಡಲು ತೀರ್ಮಾನಿಸಿತು. ಅದನ್ನು ಪರಿಶೀಲಿಸಲು ನೇಮಿಸಿದ ಇಬ್ಬರ ಸಮಿತಿಯಲ್ಲಿ ಬಿ.ಕೆ. ಚತುರ್ವೇದಿ ಜತೆಗಿದ್ದವರು ನರಸಿಂಹ. ಆಮೇಲೆ ಇನ್ನೊಂದು ಸಮಿತಿ ಬಂತು. 2012ರ ಜನವರಿಯಲ್ಲಿ ಇಸ್ರೋದ ಮಾಜಿ ಅಧ್ಯಕ್ಷ ಜಿ. ಮಾಧವನ್ ನಾಯರ್ ಸೇರಿ ನಾಲ್ವರು ವಿಜ್ಞಾನಿಗಳು ಯಾವ ಸರ್ಕಾರಿ ಹುದ್ದೆಯನ್ನೂ ಹಿಡಿಯಬಾರದೆಂದು ಸರ್ಕಾರ ಆದೇಶಿಸಿತು.

ಆ ನಾಲ್ವರನ್ನು ನಡೆಸಿಕೊಂಡ ರೀತಿಯನ್ನು ಒಪ್ಪದೆ ನರಸಿಂಹ ಬಾಹ್ಯಾಕಾಶ ಆಯೋಗಕ್ಕೆ ರಾಜೀನಾಮೆ ಕೊಟ್ಟರು. ಎರಡು ದಶಕಕ್ಕೂ ಹೆಚ್ಚು ಕಾಲ ಕೂತಿದ್ದ ಕುರ್ಚಿ ಅದು. ಒಪ್ಪಂದ ಸರಿಯಿತ್ತೇ ಇಲ್ಲವೇ ಎಂಬುದು ಬೇರೆ ವಿಷಯ. ಅದು ಕೋರ್ಟು, ಅಂತಾರಾಷ್ಟ್ರೀಯ ಪಂಚಾಯ್ತಿಗಳಲ್ಲಿ ವರ್ಷಗಟ್ಟಲೆ ನಡೆಯಿತು. ವಂಚನೆಯ ಕಾರಣ ಕೊಟ್ಟು ದೇವಾಸ್ ಕಂಪನಿಯನ್ನು ಮುಚ್ಚುವ ಆದೇಶವನ್ನು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಎತ್ತಿಹಿಡಿಯಿತು. ಅಷ್ಟೊತ್ತಿಗೆ ನರಸಿಂಹ ಇರಲಿಲ್ಲ. 2020ರ ಡಿಸೆಂಬರ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡಿದ್ದರು. ನನಗೆ ಮುಖ್ಯ ಅನಿಸುವುದು ತೀರ್ಪಿಗಿಂತ ಆ ನಡೆ. ಒಪ್ಪಂದವನ್ನು ಕೂಲಂಕಷವಾಗಿ ನೋಡಿದ್ದ ಮನುಷ್ಯನೇ, ಶಿಕ್ಷೆ ಕೊಟ್ಟ ಕ್ರಮ ಸರಿಯಿಲ್ಲ ಅಂತ ಎದ್ದು ಹೋದರು. ರಾಜೀನಾಮೆ ಕೊಟ್ಟ ಮಾರನೇ ವರ್ಷ, 2013ರಲ್ಲಿ, ಅದೇ ಸರ್ಕಾರ ಅವರಿಗೆ ಪದ್ಮವಿಭೂಷಣ ಕೊಟ್ಟಿತು. ಎದ್ದು ಹೋದವರನ್ನು ಶತ್ರು ಅನ್ನದ ಆ ಸಣ್ಣ ಸೌಜನ್ಯವನ್ನೂ ದಾಖಲಿಸೋಣ.

ಸಲಹೆ ಯಾರ ಸ್ವತ್ತು?

ಹಾಗಂತ ಇದನ್ನು ಪೂಜೆಯ ಲೇಖನ ಮಾಡಲು ನನಗೆ ಮನಸ್ಸಿಲ್ಲ. ನಮ್ಮ ದೇಶದಲ್ಲಿ ವಿಜ್ಞಾನ ಸಲಹೆ ನಡೆಯುವುದು ಮುಚ್ಚಿದ ಕೋಣೆಯಲ್ಲಿ. ನರಸಿಂಹ ಅವರು ಆ ಮಂಡಳಿಗಳಲ್ಲಿ ಏನು ಹೇಳಿದರು, ಎಷ್ಟನ್ನು ಸರ್ಕಾರ ಕೇಳಿತು, ಎಷ್ಟನ್ನು ಕಸದ ಬುಟ್ಟಿಗೆ ಹಾಕಿತು ಎಂಬುದು ಜನರ ಮುಂದೆ ಬರುವುದೇ ಇಲ್ಲ. 1999ರಲ್ಲಿ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಶುರುವಾಗಿ, ಅಬ್ದುಲ್ ಕಲಾಂ ಮೊದಲ ಸಲಹೆಗಾರರಾದರು. ಕುರ್ಚಿ ದೊಡ್ಡದಾಯಿತು. ಕೋಣೆಯ ಬಾಗಿಲು ಅಷ್ಟೇನೂ ತೆರೆಯಲಿಲ್ಲ.

ಬಾಗಿಲು ಮುಚ್ಚಿದ್ದರೆ ಏನಾಗುತ್ತದೆ? 1988ರಲ್ಲಿ ವಸಂತ್ ಗೋವಾರಿಕರ್ ನೇತೃತ್ವದಲ್ಲಿ 16 ಅಂಶಗಳ ಮಾನ್ಸೂನ್ ಮುನ್ಸೂಚನೆ ಮಾದರಿ ಬಂತು. ಅವರೂ ರಾಕೆಟ್ ವಿಜ್ಞಾನದಿಂದ ಹವಾಮಾನಕ್ಕೆ ಬಂದವರು, ಮುಂದೆ ಪ್ರಧಾನಿಯ ವೈಜ್ಞಾನಿಕ ಸಲಹೆಗಾರರಾದವರು. ವರ್ಷದಿಂದ ವರ್ಷಕ್ಕೆ ‘ಸಾಮಾನ್ಯ ಮಳೆ’ ಎಂಬ ಹೇಳಿಕೆ ಬಂತು, ಮಳೆಯೂ ಹೆಚ್ಚುಕಡಿಮೆ ಹಾಗೇ ಬಂತು. 2002ರಲ್ಲಿ ಶೇ 101ರಷ್ಟು ಮಳೆ ಎಂದರು, ಬಂದದ್ದು ಶೇ 81. ಜುಲೈ ಒಂದರಲ್ಲೇ ಅರ್ಧದಷ್ಟು ಕೊರತೆ. ಮುಂದಿನ ವರ್ಷ ಮಾದರಿಯನ್ನೇ ಬದಲಿಸಬೇಕಾಯಿತು. ಆದರೆ ಸಾಲ ಮಾಡಿ ಬಿತ್ತಿದವರ ನಷ್ಟ ಯಾವ ಮಾದರಿಯಿಂದಲೂ ತುಂಬಲಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ದಾರಿಯೂ ಇತ್ತು. ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು ಪಾವಗಡದ ರೈತರ ಜತೆ ಕೂತು, ಮಳೆಯ ಹಳೆ ದಾಖಲೆ ಹಾಕಿ, ಕಡಲೆಕಾಯಿ ಯಾವಾಗ ಬಿತ್ತಿದರೆ ನಷ್ಟದ ಅಪಾಯ ಕಡಿಮೆ ಎಂದು ಲೆಕ್ಕ ಮಾಡಿದರು. ಸಲಹೆ ದೆಹಲಿಗೆ ಹೋಗಿ ವಾಪಸ್ ಬರಬೇಕಿಲ್ಲ, ಹೊಲದ ಬದುವಿನಲ್ಲೂ ಹುಟ್ಟಬಹುದು.

ಮತ್ತೆ ಕಪಿಲೆಯ ಲೆಕ್ಕ

ನಂಜನಗೂಡು, ಟಿ. ನರಸೀಪುರ ತಾಲ್ಲೂಕುಗಳ ಹಲವು ಹಳ್ಳಿಗಳು ಸೇರಿದ ವಿಧಾನಸಭಾ ಕ್ಷೇತ್ರದ ಹೆಸರು ವರುಣಾ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ರೈತರಿಗೆ ನಡೆಸುವ ಸಹಾಯವಾಣಿಯ ಹೆಸರು ವರುಣ ಮಿತ್ರ. ಹೆಸರಿಗೇನೂ ಬರವಿಲ್ಲ. ಅಳತೆಗೂ ಬರವಿಲ್ಲ ಅನ್ನಬೇಕು: ಬರ ಉಸ್ತುವಾರಿಗೆಂದೇ 1988ರಲ್ಲಿ ಘಟಕ ಕಟ್ಟಿದ ರಾಜ್ಯ ನಮ್ಮದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿಯೇ ಮಳೆ ಅಳೆದು ಕಳಿಸುವ ಮಾಪಕಗಳಿವೆ. ಕೇಂದ್ರ ಜಲ ಆಯೋಗ ವಯನಾಡಿನ ಮುತ್ತಂಕೆರೆಯಲ್ಲೂ, ಟಿ. ನರಸೀಪುರದಲ್ಲೂ ಕಬಿನಿಯ ಹರಿವು ಅಳೆಯುತ್ತದೆ.

ಆದ್ದರಿಂದ ನಮ್ಮ ಶಾಸಕರನ್ನು, ಅಧಿಕಾರಿಗಳನ್ನು ನಾವು ಕೇಳಬೇಕಾದ್ದು ನಿರ್ದಿಷ್ಟ ಪ್ರಶ್ನೆಗಳನ್ನೇ. ಮಳೆಗಾಲದಲ್ಲಿ ಯಾವ ತಾರೀಕಿಗೆ ಕಬಿನಿಯಲ್ಲಿ ಎಷ್ಟು ಜಾಗ ಖಾಲಿ ಇಡಬೇಕು ಎಂಬ ನಿಯಮ ಯಾವುದು, ಅದನ್ನು ಕನ್ನಡದಲ್ಲಿ ಎಲ್ಲಿ ಹಾಕಿದ್ದೀರಿ? ಮುತ್ತಂಕೆರೆಯಲ್ಲಿ ನೀರು ಏರಿದರೆ ನಂಜನಗೂಡಿನ ಯಾವ ಬೀದಿಗೆ ಎಷ್ಟು ಗಂಟೆಯಲ್ಲಿ ಬರುತ್ತದೆ? 50,000 ಕ್ಯೂಸೆಕ್ ಬಿಟ್ಟರೆ ಯಾವ ಗದ್ದೆ, 1 ಲಕ್ಷ ಬಿಟ್ಟರೆ ಯಾವ ಮನೆ ಎಂಬ ನಕ್ಷೆ ಪಂಚಾಯಿತಿ ಗೋಡೆಯ ಮೇಲಿದೆಯೇ? ಕೆಆರ್‌ಎಸ್, ಕಬಿನಿಗಳ ಗೇಟು ತೆರೆಯುವವರು ಟಿ. ನರಸೀಪುರಕ್ಕೆ ಎರಡೂ ಪ್ರವಾಹ ಒಟ್ಟಿಗೆ ತಲುಪದ ಹಾಗೆ ಪರಸ್ಪರ ಲೆಕ್ಕ ಮಾಡುತ್ತಾರೆಯೇ? 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಪ್ರಕಾರ ದೊಡ್ಡ ಅಣೆಕಟ್ಟುಗಳಿಗೆ ತುರ್ತು ಕ್ರಿಯಾ ಯೋಜನೆ ಇರಲೇಬೇಕು, ಅದಕ್ಕೆ ಕೊಟ್ಟ ಗಡುವು 5 ವರ್ಷ. ಕಾಯ್ದೆ ಜಾರಿಯಾದದ್ದು 2021ರ ಡಿಸೆಂಬರ್ 30ರಂದು. ಅಂದರೆ ಇವನ್ನು ಕೇಳುವುದು ನಮ್ಮ ಹಕ್ಕು, ಯಾರ ಹತ್ತಿರವೂ ಕೈಮುಗಿದು ಬೇಡಬೇಕಾದ ಉಪಕಾರವಲ್ಲ.

ಇನ್ನೊಂದು ಕಡೆಯೂ ಇದೆ, ಅದನ್ನು ಮರೆಯಬಾರದು. 2018ರ ಫೆಬ್ರುವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಕರ್ನಾಟಕ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ನೀರು ಹರಿಸಬೇಕು. ಒಳ್ಳೆ ವರ್ಷ ಮುಂಚೆಯೇ ಬಿಟ್ಟ ನೀರು ಆ ಲೆಕ್ಕಕ್ಕೇ ಸೇರುತ್ತದೆ, ಕೆಟ್ಟ ವರ್ಷ ಅದೇ ನೀರಿಗೆ ಮಂಡ್ಯ, ಮೈಸೂರು ಬೀದಿಗಿಳಿಯುತ್ತವೆ. ಹಾಗಾಗಿ ಅಣೆಕಟ್ಟು ಆದಷ್ಟು ಬೇಗ ತುಂಬಿಸಿಟ್ಟುಕೊಳ್ಳುವುದು ರಾಜಕೀಯವಾಗಿ ಸುರಕ್ಷಿತ. ಬಾಗಿನ ಬಿಟ್ಟ ಫೋಟೋ ಪೇಪರಿಗೆ ಬರುತ್ತದೆ, ಖಾಲಿ ಇಟ್ಟ ಜಾಗದ ಫೋಟೋ ಯಾರೂ ತೆಗೆಯುವುದಿಲ್ಲ. ಈ ಒತ್ತಡದ ನಡುವೆ ‘ಇವತ್ತೇ ಬಿಡಿ’ ಅಂತಲೋ ‘ತಡೆಯಿರಿ’ ಅಂತಲೋ ಹೇಳುವ ವಿಜ್ಞಾನಿಗೆ ಒಳ್ಳೆ ಮಾದರಿ ಸಾಲದು, ಬೆನ್ನೆಲುಬೂ ಬೇಕು. ಮುನ್ಸೂಚನೆ ಅಂದರೆ ಸಂಭವನೀಯತೆ, ಹತ್ತರಲ್ಲಿ ಮೂರು ಸಲ ತಪ್ಪಬಹುದು. ತಪ್ಪಿದ ದಿನ ಆ ಅಧಿಕಾರಿಯನ್ನು ಬಲಿ ಕೊಟ್ಟರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ನಾಲ್ವರು ವಿಜ್ಞಾನಿಗಳ ಪರ ನರಸಿಂಹ ಕುರ್ಚಿ ಬಿಟ್ಟಿದ್ದರ ಅರ್ಥ ಕಬಿನಿ ಗೇಟಿನ ಹತ್ತಿರ ನಿಂತಾಗ ಇನ್ನೂ ಚೆನ್ನಾಗಿ ಹೊಳೆಯುತ್ತದೆ.

ನರಸಿಂಹ ಅವರ ಬದುಕಿನಿಂದ ನಾನು ತೆಗೆದುಕೊಳ್ಳುವುದು ಇಷ್ಟು: ನಮ್ಮ ನೆಲವನ್ನು ನಾವೇ ಅಳೆಯಬೇಕು, ಯಂತ್ರ ಕೊಡದವರ ಮುಂದೆ ಕೂರದೆ ಕೈಲಾದದ್ದನ್ನು ಕಟ್ಟಬೇಕು, ಒಪ್ಪದ ದಿನ ಎದ್ದು ಹೋಗುವ ಧೈರ್ಯ ಇರಬೇಕು. ಇವಕ್ಕೆ ಜನರ ಕಡೆಯಿಂದ ಸೇರಬೇಕಾದ ಇನ್ನೊಂದಿದೆ. ಸರ್ಕಾರಕ್ಕೆ ಹೇಳಿದ ಸಲಹೆ ನಮಗೂ ಕೇಳಿಸಬೇಕು. ಮುಂದಿನ ಗ್ರಾಮಸಭೆಯಲ್ಲಿ ಪ್ರವಾಹ ನಕ್ಷೆ ಎಲ್ಲಿ ಅಂತ ಕೇಳಿ. ಇಲ್ಲ ಅಂದರೆ ಆ ಉತ್ತರವನ್ನೇ ನಡಾವಳಿ ಪುಸ್ತಕದಲ್ಲಿ ಬರೆಸಿ, ಒಂದು ಪ್ರತಿ ಇಟ್ಟುಕೊಳ್ಳಿ.